ಹದಿನಾರರ ಮಗ ಚೆಂಡೆ ಬಿಟ್ಟಿದ್ದಾನೆ, ಮಾತೂ ಬಿಟ್ಟಿದ್ದಾನೆ: ನಾವೇನು ಮಾಡಬೇಕು?

ಡೊಂಬಿವಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರದ ಕಡೆಯವರು, ಇಪ್ಪತ್ತೆರಡು ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ನಮ್ಮ ಯಜಮಾನರು ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು, ಮನೆ ಸೇರುವಾಗ ರಾತ್ರಿ ಹನ್ನೆರಡೂವರೆ ಆಗುತ್ತದೆ. ಮಗನಿಗೆ ಹದಿನಾರು ವರ್ಷ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದುದರಿಂದ ಹನ್ನೊಂದನೆಯ ವಿಜ್ಞಾನಕ್ಕೆ ಸೇರಿಸಿ, ಕಾಲೇಜೂ ಕೋಚಿಂಗೂ ಒಂದೇ ಕಡೆ ನಡೆಯುವ ಇಂಟಿಗ್ರೇಟೆಡ್ ಕ್ಲಾಸಿಗೆ ಹಾಕಿದೆವು. ಅಲ್ಲಿ ಪ್ರತಿ ಭಾನುವಾರ ಟೆಸ್ಟ್ ಇರುತ್ತದೆ. ಆರು ವರ್ಷಗಳಿಂದ ಭಾನುವಾರ ತಪ್ಪದೆ ಯಕ್ಷಗಾನದ ಚೆಂಡೆ ಕಲಿಯಲು ಹೋಗುತ್ತಿದ್ದ ಹುಡುಗ ಅದನ್ನು ಬಿಡಬೇಕಾಯಿತು.

ಆಗಸ್ಟ್ ತಿಂಗಳಿಂದ ಅವನು ಬದಲಾಗಿದ್ದಾನೆ. ಬೆಳಗಿನ ಜಾವ ಮೂರರವರೆಗೆ ಎಚ್ಚರವಾಗಿರುತ್ತಾನೆ, ಆಮೇಲೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಕ್ಲಾಸಿಗೆ ಹೋದ ದಿನಗಳಲ್ಲಿಯೂ ಡಬ್ಬಿಯ ನೀರುದೋಸೆ ಮಡಚಿದ ಹಾಗೆಯೇ ಹಿಂದಿರುಗಿ ಬರುತ್ತದೆ. ತಂಗಿ ಪೆನ್ಸಿಲ್ ಕೇಳಿದರೂ ರೇಗುತ್ತಾನೆ. ಚೆಂಡೆಯನ್ನು ಕಪಾಟಿನ ಪಕ್ಕಕ್ಕೆ ಸರಿಸಿ ಅದರ ಮೇಲೆ ತನ್ನ ಹಳೆಯ ಚಾದರವೊಂದನ್ನು ಹೊದೆಸಿದ್ದಾನೆ. ಧೂಳು ಕೂರಬಾರದೆಂದು ಹೊದೆಸಿದಂತೆ ಅದು ಕಾಣುವುದಿಲ್ಲ, ಕಣ್ಣಿಗೆ ಬೀಳಬಾರದೆಂದು ಹೊದೆಸಿದಂತಿದೆ.

ಇದನ್ನು ಬರೆಯಲು ಧೈರ್ಯ ಬಂದದ್ದು ನಿನ್ನೆ. ಅವನ ನೋಟ್ ಪುಸ್ತಕದ ಕೊನೆಯ ಪುಟದಲ್ಲಿ, ತಾನು ಇಲ್ಲದಿದ್ದರೆ ಮನೆಯವರಿಗೆ ಖರ್ಚೂ ಕಡಿಮೆ, ಚಿಂತೆಯೂ ಕಡಿಮೆ ಎಂಬ ಅರ್ಥದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಬರೆದಿದ್ದಾನೆ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ. ಯಜಮಾನರು ಇದೆಲ್ಲ ಮೊಬೈಲಿನಿಂದ ಎನ್ನುತ್ತಾರೆ. ಊರಿನಲ್ಲಿರುವ ಅತ್ತೆಯವರು ದೃಷ್ಟಿ ತೆಗೆಯಲು ಹೇಳುತ್ತಾರೆ. ಯಾವ ವೈದ್ಯರ ಬಳಿ ಹೋಗಬೇಕು, ಮಾತ್ರೆ ಕೊಟ್ಟರೆ ಅದೇ ಅಭ್ಯಾಸವಾಗುತ್ತದೆಯೇ, ಅವನೊಡನೆ ಈ ಮಾತನ್ನು ಹೇಗೆ ಎತ್ತಬೇಕು ಎಂಬುದು ನನಗೆ ತಿಳಿಯುತ್ತಿಲ್ಲ. ದಯವಿಟ್ಟು ಬಲ್ಲವರು ತಿಳಿಸಬೇಕು.

ಮುಲುಂಡಿನ ನಿವೃತ್ತ ನರ್ಸ್

ತಂಗಿ, ಉಳಿದ ಎಲ್ಲ ಪ್ರಶ್ನೆಗಳಿಗೂ ನಾಳೆ ಉತ್ತರ ಹುಡುಕಬಹುದು. ಆ ಒಂದು ಸಾಲಿನ ವಿಷಯವನ್ನು ಇಂದೇ ಮಾತನಾಡಬೇಕು. ನಾನು ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು, ಅದರಲ್ಲಿ ಕೊನೆಯ ಒಂಬತ್ತು ವರ್ಷ ಮನೋರೋಗ ವಿಭಾಗದಲ್ಲಿದ್ದೆ. ಸಾಯುವ ಆಲೋಚನೆಯ ಬಗ್ಗೆ ಕೇಳಿದರೆ ಇಲ್ಲದ ಆಲೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಹೆಚ್ಚಿನ ತಂದೆತಾಯಿಯರು ಹೆದರುತ್ತಾರೆ. ಅದು ನಿಜವಲ್ಲ. ಒಬ್ಬನೇ ಹೊತ್ತುಕೊಂಡಿದ್ದ ಮಾತನ್ನು ಯಾರಾದರೂ ನೇರವಾಗಿ ಕೇಳಿದಾಗ ಮಕ್ಕಳಿಗೆ ಉಸಿರು ಬಂದಂತಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಗಳು ಮಲಗಿದ ಮೇಲೆ ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರು ಕುಳಿತರೆ ವಿಚಾರಣೆಯಂತೆ ಆಗುತ್ತದೆ. "ನಿನ್ನ ಪುಸ್ತಕದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿತ್ತು, ನನಗೆ ಸಿಟ್ಟಿಲ್ಲ. ಬದುಕಿರುವುದೇ ಬೇಡ ಎನ್ನಿಸುತ್ತಿದೆಯಾ ಮಗಾ?" ಎಂದು ಇಷ್ಟೇ ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಹೌದು ಎಂದರೆ ಅಳುತ್ತಾ ಆಣೆ ಹಾಕಿಸಿಕೊಳ್ಳಬೇಡಿ, ನಮ್ಮ ಗತಿಯೇನು ಎನ್ನಬೇಡಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾನೆಯೇ ಎಂದು ಕೇಳಿ. ಯೋಚಿಸಿದ್ದೇನೆ ಎಂದರೆ ಬೆಳಗಾಗುವುದನ್ನು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇಲ್ಲ ಎಂದರೂ ಮನೆಯಲ್ಲಿರುವ ಮಾತ್ರೆ, ಔಷಧ, ಕೀಟನಾಶಕ ಎಲ್ಲವನ್ನೂ ಇಂದೇ ಬೀಗದೊಳಗೆ ಇಡಿ. ವೈದ್ಯರನ್ನು ಕಾಣುವವರೆಗೆ ಅವನು ಮನೆಯಲ್ಲಿ ಒಬ್ಬನೇ ಇರದಂತೆ ನೋಡಿಕೊಳ್ಳಿ.

ಹಗಲಾಗಲಿ ರಾತ್ರಿಯಾಗಲಿ 14416 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಮಗನೇ ಮಾತನಾಡಬೇಕೆಂದಿಲ್ಲ, ತಾಯಿಯಾಗಿ ನೀವೇ ಕರೆ ಮಾಡಿ ಹೇಗೆ ಮಾತೆತ್ತಬೇಕೆಂದು ಕೇಳಬಹುದು.

ಪೊಲೀಸ್ ಕೇಸ್ ಆದೀತು ಎಂದು ಹೆದರಿ ಆಸ್ಪತ್ರೆಗೆ ಬಾರದವರನ್ನು ನಾನು ಬಹಳ ಕಂಡಿದ್ದೇನೆ, ಆದ್ದರಿಂದ ಇದನ್ನೂ ಹೇಳುತ್ತೇನೆ. ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಅವರಿಗೆ ಚಿಕಿತ್ಸೆ ದೊರೆಯಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ.

ಚಿಂಚವಡದ ತಂದೆ

ಅಕ್ಕಾ, ಎರಡು ವರ್ಷಗಳ ಹಿಂದೆ ನಮ್ಮ ಮಗಳು ಹದಿನೈದರಲ್ಲಿ ಇದೇ ಸ್ಥಿತಿಯಲ್ಲಿದ್ದಳು. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ, ನೀವು ಅವನ್ನು ಮಾಡದಿರಲಿ ಎಂದು.

ಮೊದಲ ತಪ್ಪೆಂದರೆ ಮೊಬೈಲ್ ಕಸಿದುಕೊಂಡದ್ದು. ಅವಳು ಯಾರ ಜೊತೆಗಾದರೂ ನಾಲ್ಕು ಮಾತು ಆಡುತ್ತಿದ್ದರೆ ಅದು ಆ ಮೊಬೈಲಿನಲ್ಲಿ ಒಬ್ಬಳೇ ಗೆಳತಿಯ ಜೊತೆ. ಆ ಎಳೆಯನ್ನೂ ನಾನೇ ಕತ್ತರಿಸಿದೆ. ರಾತ್ರಿ ಹನ್ನೊಂದರ ನಂತರ ಮನೆಯ ಎಲ್ಲರ ಮೊಬೈಲುಗಳನ್ನೂ ಹಾಲ್‌ನಲ್ಲಿ ಚಾರ್ಜಿಗೆ ಇಡುವುದು ಎಂದು ಆಮೇಲೆ ನಿಯಮ ಮಾಡಿದೆವು, ನನ್ನದನ್ನೂ ಸೇರಿಸಿ. ಅದು ನಡೆಯಿತು. ಎರಡನೆಯದು, ನನ್ನ ಬಾಲ್ಯದ ಕಷ್ಟವನ್ನು ಅವಳ ಮುಂದೆ ಹೇಳಿದ್ದು. ವಿಜಯಪುರದ ಹಳ್ಳಿಯಲ್ಲಿ ಬೀದಿ ದೀಪದ ಕೆಳಗೆ ಓದಿದ ಕಥೆಯನ್ನು ಹೇಳುವಾಗ ಅವಳಿಗೆ ಧೈರ್ಯ ತುಂಬುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ಇಷ್ಟೆಲ್ಲ ಸೌಕರ್ಯ ಇದ್ದೂ ತನಗೆ ಆಗುತ್ತಿಲ್ಲ, ಹಾಗಾದರೆ ತಾನೇ ಕೆಟ್ಟವಳು ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಒಂದು ವರ್ಷದ ನಂತರ ಅವಳೇ ಇದನ್ನು ಹೇಳಿದಾಗ ನನಗೆ ಅನ್ನ ಇಳಿಯಲಿಲ್ಲ.

ವೈದ್ಯರ ವಿಷಯ. ನಾವು ಮೊದಲು ಮನೆಯ ಹತ್ತಿರದ ಮಕ್ಕಳ ವೈದ್ಯರ ಬಳಿಯೇ ಹೋದೆವು, ಚಿಕ್ಕಂದಿನಿಂದ ನೋಡಿದವರಾದ್ದರಿಂದ ಮಗಳು ಒಪ್ಪಿದಳು. ಅವರು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿದರು, ಏಕೆಂದರೆ ಥೈರಾಯ್ಡ್ ಕಡಿಮೆಯಾದರೂ ರಕ್ತಹೀನತೆಯಿದ್ದರೂ ಸುಸ್ತು, ನಿರುತ್ಸಾಹ ಹೀಗೆಯೇ ಕಾಣಿಸಿಕೊಳ್ಳಬಹುದು. ನಂತರ ಅವರೇ ಮನೋವೈದ್ಯರಿಗೆ ಚೀಟಿ ಬರೆದರು. ಮನೋವೈದ್ಯರು ಎಂದರೆ ವೈದ್ಯಕೀಯ ಪದವಿ ಪಡೆದು ಮಾತ್ರೆ ಬರೆಯಬಲ್ಲವರು. ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ನೀಡುವವರು. ಈ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ. ನಮಗೆ ಇಬ್ಬರೂ ಬೇಕಾದರು.

ಮೊದಲು ಹೋದ ಸಮಾಲೋಚಕರ ಜೊತೆ ಮಗಳಿಗೆ ಹೊಂದಲಿಲ್ಲ. ಅವಳು ಒಳಗೆ ಹೇಳಿದ್ದನ್ನೆಲ್ಲ ಅವರು ಹೊರಗೆ ಬಂದು ನಮಗೆ ಹೇಳಿಬಿಟ್ಟರು. ಆಮೇಲೆ ಆರು ವಾರ ಅವಳು ಯಾರ ಬಳಿಗೂ ಬರಲು ಒಪ್ಪಲಿಲ್ಲ. ಎರಡನೆಯವರು ಮೊದಲ ದಿನವೇ ನಮ್ಮ ಮೂವರನ್ನೂ ಕೂರಿಸಿಕೊಂಡು, ಜೀವಕ್ಕೆ ಅಪಾಯ ಎನ್ನುವಂಥದ್ದು ಇದ್ದರೆ ಮಾತ್ರ ತಂದೆತಾಯಿಗೆ ಹೇಳುತ್ತೇನೆ, ಉಳಿದದ್ದು ನಮ್ಮಿಬ್ಬರ ನಡುವೆ ಇರುತ್ತದೆ ಎಂದು ಅವಳೆದುರೇ ಹೇಳಿದರು. ನೀವು ಸಮಾಲೋಚಕರನ್ನು ಆರಿಸುವಾಗ ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ.

ಮೀರಾ ರೋಡಿನ ಹಿರಿಯರು

ಅಮ್ಮ, ಎಲ್ಲರೂ ಆಸ್ಪತ್ರೆಯ ಮಾತನ್ನೇ ಆಡುತ್ತಿದ್ದಾರೆ. ನನಗೆ ಎಪ್ಪತ್ತೆರಡು ವರ್ಷ. ನಮ್ಮ ಕಾಲದಲ್ಲಿ ಮಕ್ಕಳಿಗೆ ಮನಸ್ಸು ಸರಿಯಿಲ್ಲದಾಗ ಊರಿಗೆ ಕಳುಹಿಸುತ್ತಿದ್ದೆವು. ಮತ್ಸ್ಯಗಂಧ ರೈಲಿನಲ್ಲಿ ಕೂರಿಸಿ ಅಜ್ಜಿಯ ಮನೆಗೆ ಕಳುಹಿಸಿ, ತೋಟದಲ್ಲಿ ತಿರುಗಾಡಲಿ, ದೈವಕ್ಕೆ ಒಂದು ಹರಕೆ ಹೇಳಿಕೊಳ್ಳಿ, ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿ. ಈ ಮಾತ್ರೆಗಳನ್ನು ಒಮ್ಮೆ ಆರಂಭಿಸಿದರೆ ಜೀವಮಾನವಿಡೀ ಬಿಡಲಾಗುವುದಿಲ್ಲ ಎಂದು ಕೇಳಿದ್ದೇನೆ. ನಾಳೆ ಹುಡುಗನ ಮದುವೆಯ ಮಾತು ಬಂದಾಗಲೂ ತೊಂದರೆ.

ಮುಲುಂಡಿನ ನಿವೃತ್ತ ನರ್ಸ್

ಅಣ್ಣಾ, ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಹರಕೆ ಹೇಳಿಕೊಳ್ಳುವುದಕ್ಕೆ ಯಾವ ವೈದ್ಯರೂ ಅಡ್ಡ ಬರುವುದಿಲ್ಲ. ಅಜ್ಜಿಗೆ ಅದರಿಂದ ಸಮಾಧಾನವಾಗುವುದಾದರೆ ಆಗಲಿ. ಆದರೆ ಹುಡುಗನನ್ನು ಜನರ ನಡುವೆ ಕೂರಿಸಿ ಇವನಿಗೆ ಏನು ದೋಷ ಎಂದು ಪ್ರಶ್ನೆ ಇಡಿಸಿದರೆ, ಈಗಾಗಲೇ ತನ್ನನ್ನು ಹೊರೆ ಎಂದುಕೊಂಡಿರುವವನಿಗೆ ತನ್ನಲ್ಲಿ ದೋಷವಿದೆ ಎಂಬುದು ಖಚಿತವಾದಂತೆ ಆಗುತ್ತದೆ. ಈ ಸ್ಥಿತಿಯಲ್ಲಿ ಅವನನ್ನು ಒಬ್ಬನೇ ರೈಲಿನಲ್ಲಿ ಕಳುಹಿಸುವುದಂತೂ ಖಂಡಿತ ಬೇಡ. ತೋಟ, ಅಜ್ಜಿ, ಊರಿನ ಗಾಳಿ ಎಲ್ಲವೂ ಒಳ್ಳೆಯವು, ಚಿಕಿತ್ಸೆ ಒಂದು ದಾರಿಗೆ ಬಂದ ಮೇಲೆ ತಾಯಿಯೇ ಜೊತೆಯಲ್ಲಿ ಹೋಗಬಹುದು.

ಮಾತ್ರೆಯ ಬಗ್ಗೆ ನಿಮ್ಮ ಕಿವಿಗೆ ಬಿದ್ದ ಮಾತು ಸರಿಯಲ್ಲ. ನಿದ್ರೆಗೆಂದು ಕೊಡುವ ಕೆಲವು ಮಾತ್ರೆಗಳು ಅಭ್ಯಾಸವಾಗಬಲ್ಲವು. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್‌ನಂಥವು ಆ ಬಗೆಯ ಚಟ ಹಿಡಿಸುವುದಿಲ್ಲ. ಹಠಾತ್ತನೆ ನಿಲ್ಲಿಸಬಾರದು ಅಷ್ಟೇ, ವೈದ್ಯರೇ ಹಂತ ಹಂತವಾಗಿ ಕಡಿಮೆ ಮಾಡುತ್ತಾರೆ.

ಪರ್ವರಿಯ ಆಪ್ತಸಮಾಲೋಚಕಿ

ನಾನು ಧಾರವಾಡದವಳು, ಹನ್ನೆರಡು ವರ್ಷಗಳಿಂದ ಗೋವಾದಲ್ಲಿ ಶಾಲಾ ಮಕ್ಕಳೊಡನೆ ಕೆಲಸ ಮಾಡುತ್ತಿದ್ದೇನೆ. ನೋಡದೆ ರೋಗ ಹೆಸರಿಸುವುದು ತಪ್ಪು, ಹಾಗಾಗಿ ನಿಮ್ಮ ಮಗನಿಗೆ ಇಂಥದ್ದೇ ಎಂದು ಹೇಳಲಾರೆ. ಆದರೆ ನೀವು ಬರೆದ ಲಕ್ಷಣಗಳು ಎರಡು ವಾರಗಳಿಗಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನವೂ ಇದ್ದರೆ ವೈದ್ಯರು ಖಿನ್ನತೆಯನ್ನು ಸಂಶಯಿಸುತ್ತಾರೆ. ದೊಡ್ಡವರಲ್ಲಿ ದುಃಖವಾಗಿ ಕಾಣುವುದು ಈ ವಯಸ್ಸಿನವರಲ್ಲಿ ಬಹಳ ಸಲ ಸಿಡುಕಾಗಿ ಕಾಣುತ್ತದೆ, ಅದರಿಂದಾಗಿ ಮನೆಯವರು ಅದನ್ನು ಅಹಂಕಾರ, ಸೋಮಾರಿತನ ಎಂದುಕೊಳ್ಳುತ್ತಾರೆ. ಪೆನ್ಸಿಲ್ ಕೇಳಿದ್ದಕ್ಕೆ ರೇಗಿದ ಎಂದು ನೀವು ಬರೆದಿರುವುದಕ್ಕಿಂತ, ಆರು ವರ್ಷ ಪ್ರೀತಿಯಿಂದ ನುಡಿಸಿದ ಚೆಂಡೆಗೆ ಅವನೇ ಚಾದರ ಹೊದೆಸಿದ್ದು ನನ್ನ ಗಮನವನ್ನು ಹೆಚ್ಚು ಸೆಳೆಯಿತು. ಇಷ್ಟವಾದದ್ದರಲ್ಲಿಯೂ ರುಚಿ ಹೋಗುವುದು ಈ ಕಾಯಿಲೆಯ ಮುಖ್ಯ ಗುರುತು.

ಇದು ನಿಮ್ಮೊಬ್ಬರ ಮನೆಯದೂ ಅಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ನಡೆಸಿದಾಗ, 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು.

ಮಾತ್ರೆಯೋ ಮಾತಿನ ಚಿಕಿತ್ಸೆಯೋ ಎಂದು ತಂದೆತಾಯಿಯರು ಕೇಳುತ್ತಾರೆ. ಅಮೆರಿಕದಲ್ಲಿ 12ರಿಂದ 17 ವರ್ಷದ, ಮಧ್ಯಮದಿಂದ ತೀವ್ರ ಖಿನ್ನತೆಯಿದ್ದ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. 12 ವಾರಗಳ ನಂತರ, ಫ್ಲುಯೊಕ್ಸೆಟಿನ್ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇಕಡಾ 71 ಮಂದಿ ಸುಧಾರಿಸಿದ್ದರು. ಮಾತ್ರೆ ಮಾತ್ರ ಪಡೆದವರಲ್ಲಿ 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 43, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 35. ಸೌಮ್ಯ ಖಿನ್ನತೆಯಾಗಿದ್ದರೆ ಮಾತಿನ ಚಿಕಿತ್ಸೆಯಿಂದಲೇ ಆರಂಭಿಸುವುದು ರೂಢಿ. ಬದುಕು ಬೇಡವೆನ್ನಿಸುವ ಹಂತಕ್ಕೆ ಬಂದಿದ್ದರೆ ಮನೋವೈದ್ಯರು ನೋಡಲೇಬೇಕು.

ಒಂದು ಎಚ್ಚರಿಕೆ ಇದೆ. ಈ ಮಾತ್ರೆಗಳು ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಆರಂಭದ ವಾರಗಳಲ್ಲಿ ಕೆಲವು ಹರೆಯದವರಲ್ಲಿ ಚಡಪಡಿಕೆಯೂ ಸಾಯುವ ಆಲೋಚನೆಯೂ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2004ರಲ್ಲಿಯೇ ಎಚ್ಚರಿಸಿದೆ. ಹೆದರಿ ಮಾತ್ರೆ ಬಿಡಿಸಬೇಕೆಂದು ಇದರ ಅರ್ಥವಲ್ಲ. ಆ ವಾರಗಳಲ್ಲಿ ಹತ್ತಿರದಿಂದ ಗಮನಿಸಬೇಕು, ಬದಲಾವಣೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಯಲ್ಲಿ ನೀವು ಮಾಡಬಹುದಾದ ಒಂದು ಕೆಲಸವನ್ನು ಹೇಳುತ್ತೇನೆ. ಇಲ್ಲಿ 1996ರಿಂದ ಕೆಲಸ ಮಾಡುತ್ತಿರುವ ಸಂಗತ್ ಎಂಬ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಅವರ ಮೂಲಕ ಖಿನ್ನತೆಯ ರೋಗಿಗಳಿಗೆ ನೆರವಾಗಬಹುದೆಂದು ಗೋವಾದ ಆರೋಗ್ಯ ಕೇಂದ್ರಗಳಲ್ಲಿಯೇ ತೋರಿಸಿಕೊಟ್ಟಿದೆ. ಅದು ವಯಸ್ಕರ ಜೊತೆಗಿನ ಕೆಲಸ. ಆದರೆ ಅದರ ತಿರುಳು ಮಕ್ಕಳಿಗೂ ಹೊಂದುತ್ತದೆ. ಮನಸ್ಸು ಸರಿಹೋದ ಮೇಲೆ ಚಟುವಟಿಕೆ ಎಂದು ಕಾಯುವುದಲ್ಲ, ಚಿಕ್ಕ ಚಟುವಟಿಕೆಯಿಂದಲೇ ಮನಸ್ಸನ್ನು ಎಬ್ಬಿಸುವುದು. ಚಿಕ್ಕದು ಎಂದರೆ ನಿಜವಾಗಿಯೂ ಚಿಕ್ಕದು. ಚೆಂಡೆ ನುಡಿಸು ಎನ್ನಬೇಡಿ. ಹಾಲಿನ ಪ್ಯಾಕೆಟ್ ತರಲು ಕೆಳಗಿಳಿಯುವಾಗ ಜೊತೆಗೆ ಬಾ ಎನ್ನಿ. ಬಂದರೆ ಹೊಗಳಿ ಹಬ್ಬ ಮಾಡಬೇಡಿ, ಬಾರದಿದ್ದರೆ ನಾಳೆ ಮತ್ತೆ ಕರೆಯಿರಿ.

ಅಂಧೇರಿಯ ಯುವಕ

ಆಂಟಿ, ನನಗೆ ಈಗ ಇಪ್ಪತ್ತಮೂರು. ಹದಿನೇಳರಲ್ಲಿ ನಾನು ನಿಮ್ಮ ಮಗನಾಗಿದ್ದೆ. ಒಳಗಿನಿಂದ ಅದು ಹೇಗಿರುತ್ತದೆ ಎಂಬುದನ್ನು ಹೇಳಬೇಕೆನ್ನಿಸಿತು.

ಅದು ದುಃಖವಲ್ಲ. ದುಃಖವಾದರೆ ಅಳಬಹುದಿತ್ತು. ಹಲ್ಲುಜ್ಜುವುದು ಎಂಬ ಒಂದು ಕೆಲಸ ಹದಿನೈದು ಕೆಲಸಗಳಾಗಿ ಕಾಣುತ್ತಿತ್ತು, ಏಳಬೇಕು, ಚಪ್ಪಲಿ ಹುಡುಕಬೇಕು, ಪೇಸ್ಟಿನ ಮುಚ್ಚಳ ತೆಗೆಯಬೇಕು ಹೀಗೆ. ಅಮ್ಮ ಬಾಗಿಲಲ್ಲಿ ನಿಂತು "ಏನಾಗಿದೆ ಹೇಳು, ಹೇಳಿದರೆ ತಾನೇ ಗೊತ್ತಾಗುವುದು" ಎಂದು ಕೇಳುತ್ತಿದ್ದರು. ನನಗೇ ಗೊತ್ತಿರಲಿಲ್ಲ. ಉತ್ತರವಿಲ್ಲದ್ದಕ್ಕೆ ನಾಚಿಕೆಯಾಗಿ, ಆ ನಾಚಿಕೆಯನ್ನು ಸಿಟ್ಟಾಗಿ ಅವರ ಮೇಲೆ ಎಸೆಯುತ್ತಿದ್ದೆ.

ನಮ್ಮ ಅಪ್ಪ ಹೆಚ್ಚು ಓದಿದವರಲ್ಲ, ಕ್ಯಾಂಟೀನ್ ನಡೆಸುತ್ತಾರೆ. ಅವರು ರಾತ್ರಿ ಬಂದು ನನ್ನ ಕೋಣೆಯ ನೆಲದ ಮೇಲೆ ಕಾಗದ ಹಾಸಿಕೊಂಡು ಕುಳಿತು ಬೇಯಿಸಿದ ಶೇಂಗಾ ಸುಲಿಯುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಸುಲಿದ ಕಾಳುಗಳಲ್ಲಿ ಅರ್ಧವನ್ನು ನನ್ನ ಮಂಚದ ಅಂಚಿಗೆ ಇಡುತ್ತಿದ್ದರು. ಹನ್ನೊಂದು ದಿನವೋ ಹನ್ನೆರಡು ದಿನವೋ ಆದ ಮೇಲೆ ನಾನೇ "ಪಪ್ಪಾ, ನನಗೆ ಹೆದರಿಕೆಯಾಗುತ್ತಿದೆ" ಎಂದೆ. ಮರುದಿನ ಕ್ಯಾಂಟೀನ್ ಮುಚ್ಚಿ ಇಬ್ಬರೂ ಆಸ್ಪತ್ರೆಗೆ ಹೋದೆವು, ಕೇಸ್ ಪೇಪರಿನ ಸಾಲಿನಲ್ಲಿ ಅವರೇ ನಿಂತರು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಅವರು ಬರುವುದು ಹನ್ನೆರಡೂವರೆಗೆ, ಮಗ ಎಚ್ಚರವಿರುವುದು ಮೂರರವರೆಗೆ. ಮನೆಯಲ್ಲಿ ಅವನ ಜೊತೆ ಎಚ್ಚರವಿರಬಲ್ಲವರು ಅವರೇ.

ಡೊಂಬಿವಲಿಯ ತಾಯಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ರಾತ್ರಿಯೇ ಕೇಳಿದೆ. ಬಹಳ ಹೊತ್ತು ಗೋಡೆ ನೋಡುತ್ತಿದ್ದು, "ಸಾಯಬೇಕು ಅಂತಲ್ಲ ಅಮ್ಮ, ಇರುವುದೇ ಸುಸ್ತು" ಎಂದ. ಹೇಗೆ, ಯಾವಾಗ ಎಂದು ಯೋಚಿಸಿಲ್ಲವಂತೆ. ಮಾತ್ರೆಗಳನ್ನೆಲ್ಲ ಬೀಗದಲ್ಲಿಟ್ಟಿದ್ದೇನೆ. ಯಜಮಾನರಿಗೆ ಶೇಂಗಾದ ವಿಷಯ ಓದಿ ಹೇಳಿದೆ. ಅವರು ಮಾತನಾಡಲಿಲ್ಲ, ಎದ್ದು ಮಗನ ಕೋಣೆಗೆ ಹೋಗಿ ಅಲ್ಲಿಯೇ ಚಾಪೆ ಹಾಕಿ ಮಲಗಿದರು. ಶುಕ್ರವಾರ ರಜೆ ಹಾಕಿ ಮೂವರೂ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗುತ್ತಿದ್ದೇವೆ.

ಡೊಂಬಿವಲಿಯ ತಾಯಿ (ಒಂಬತ್ತು ವಾರಗಳ ನಂತರ)

ಕೆಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಖಿನ್ನತೆ ಎಂದೇ ವೈದ್ಯರು ಹೇಳಿದರು. ಮಾತ್ರೆ ನಡೆಯುತ್ತಿದೆ, ವಾರಕ್ಕೊಮ್ಮೆ ಸಮಾಲೋಚಕರ ಬಳಿ ಹೋಗುತ್ತಾನೆ. ಮೊದಲ ಮೂರು ವಾರ ಏನೂ ವ್ಯತ್ಯಾಸ ಕಾಣದೆ ನನಗೇ ಕೈಕಾಲು ಸೋತಿದ್ದವು. ಎರಡನೆಯ ವಾರದಲ್ಲಿ ಚಡಪಡಿಕೆ ಹೆಚ್ಚಾದಾಗ, ಇಲ್ಲಿ ಓದಿದ್ದು ನೆನಪಾಗಿ ಕೂಡಲೇ ವೈದ್ಯರಿಗೆ ಹೇಳಿದೆವು, ಅವರು ಪ್ರಮಾಣ ಬದಲಾಯಿಸಿದರು. ಆರನೆಯ ವಾರದಲ್ಲಿ ಒಂದು ಬೆಳಿಗ್ಗೆ ಎಂಟಕ್ಕೆ ತಾನೇ ಎದ್ದು, ಚಟ್ನಿಗೆ ಉಪ್ಪು ಸಾಲದು ಎಂದ. ಎಷ್ಟೋ ದಿನಗಳ ನಂತರ ಅವನ ಬಾಯಿಂದ ರುಚಿಯ ಮಾತು ಬಂತು. ಮತ್ತೆ ಎರಡು ದಿನ ಏಳಲಿಲ್ಲ, ಹೀಗೆಯೇ ಏರಿಳಿತವಿದೆ.

ಭಾನುವಾರದ ಟೆಸ್ಟಿನಿಂದ ಬಿಡಿಸಿದ್ದೇವೆ. ಕಟ್ಟಿದ ಹಣ ಹಿಂದಿರುಗಿ ಬರುವುದಿಲ್ಲವಂತೆ, ಯಜಮಾನರು ಹೋಗಲಿ ಎಂದರು. ಅವರು ಹೋಟೆಲಿನಲ್ಲಿ ಕೇಳಿಕೊಂಡು ಬೆಳಗಿನ ಪಾಳಿಗೆ ಬದಲಾಗಿದ್ದಾರೆ, ಸಂಬಳ ಸ್ವಲ್ಪ ಕಡಿಮೆಯಾಗಿದೆ. ಚೆಂಡೆಯ ಮೇಲೆ ಚಾದರ ಇನ್ನೂ ಇದೆ, ನಾವು ಯಾರೂ ಅದನ್ನು ಮುಟ್ಟಿಲ್ಲ.

ಈಗ ಒಂದು ಸಂದೇಹ. ಹಾಜರಿ ತೀರ ಕಡಿಮೆಯಾಗಿದೆ ಎಂದು ಕಾಲೇಜಿನಿಂದ ಪತ್ರ ಬಂದಿದೆ. ಕಾಯಿಲೆಯ ಹೆಸರನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಬೇಕಾಗುತ್ತದೆಯೇ?

ಚಿಂಚವಡದ ತಂದೆ

ಬೇಡ ಅಕ್ಕಾ. ನಾವು ಮಾಡಿದ್ದನ್ನು ಹೇಳುತ್ತೇನೆ. ವೈದ್ಯರ ಬಳಿ, ಇಂಥ ದಿನದಿಂದ ತಮ್ಮ ಚಿಕಿತ್ಸೆಯಲ್ಲಿದ್ದಾಳೆ, ಈ ಅವಧಿಯಲ್ಲಿ ತರಗತಿಗೆ ಹಾಜರಾಗಲು ಆಗಿಲ್ಲ ಎಂದಷ್ಟೇ ಪ್ರಮಾಣಪತ್ರ ಬರೆಸಿಕೊಂಡೆವು. ರೋಗದ ಮಾಹಿತಿಯನ್ನು ಗುಟ್ಟಾಗಿಡುವುದು 2017ರ ಕಾಯಿದೆಯ ಪ್ರಕಾರ ರೋಗಿಯ ಹಕ್ಕು. ಪ್ರಮಾಣಪತ್ರದ ನಕಲನ್ನು ಪ್ರಾಂಶುಪಾಲರ ಕೈಗೇ ಕೊಟ್ಟು, ಮೂಲ ಪ್ರತಿಯನ್ನು ನಮ್ಮಲ್ಲಿಟ್ಟುಕೊಂಡು, ಇನ್ನೊಂದು ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಏನು ಬರೆಸಿದ್ದೀರಿ ಎಂಬುದನ್ನು ಕೊಡುವ ಮೊದಲು ಮಗನಿಗೆ ಓದಲು ಕೊಡಿ. ಅವನಿಗೆ ಯಾವುದಾದರೂ ಪದ ಬೇಡವೆನ್ನಿಸಿದರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ.